ಕಲಬುರಗಿಯಿಂದ ಕಡಲಿಗೆ ಆರು ದಿನ: ಗಾಡಿಗೆ ಪೂರ್ತಿ ಮಾರ್ಕು, ಪ್ಲ್ಯಾನಿಗೆ ಕಡಿಮೆ

ಮೊದಲೇ ಹೇಳಿಬಿಡುತ್ತೇನೆ. ಗಾಡಿ ಚೆನ್ನಾಗಿತ್ತು. ಡ್ರೈವರ್ ಚಾಚಾ ಬಂಗಾರದಂಥ ಮನುಷ್ಯ. ಆದರೆ ಟ್ರಾವೆಲ್ಸ್ ಆಫೀಸಿನವರು ಬರೆದುಕೊಟ್ಟ ಪ್ಲ್ಯಾನ್ ಹಿಡಿದುಕೊಂಡು ಹಾಗೇ ಹೋಗಿದ್ದರೆ ಆರು ದಿನವೂ ಗಾಡಿಯೊಳಗೇ ಕಳೆದುಹೋಗುತ್ತಿತ್ತು. ನಮ್ಮ ಕಡೆಯಿಂದ ಕರಾವಳಿಗೆ ಹೊರಡುವವರು ಇತ್ತೀಚೆಗೆ ಜಾಸ್ತಿ ಆಗಿದ್ದಾರೆ, ನನಗೂ ದಿನಕ್ಕೊಬ್ಬರು ಫೋನ್ ಮಾಡಿ ಹೇಗಿತ್ತು ಅಂತ ಕೇಳುತ್ತಿದ್ದಾರೆ. ಅದಕ್ಕೇ ಎಲ್ಲಾ ಒಂದೇ ಕಡೆ ಬರೆಯುತ್ತಿದ್ದೇನೆ. ಆಫೀಸಿನ ಹೆಸರು ಬರೆಯುವುದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಇರುವ ಒಂದು ಸಣ್ಣ ಆಫೀಸು ಅಂದರೆ ಸಾಕು.

ನಾವು ಐದು ಜನ ಹೋಗಿದ್ದೆವು. ನಾನು, ನಮ್ಮ ಮನೆಯವರು, ಒಂಬತ್ತನೇ ಕ್ಲಾಸಿನ ಮಗಳು, ಐದನೇ ಕ್ಲಾಸಿನ ಮಗ, ಮತ್ತೆ ಅತ್ತೆ. ಅತ್ತೆಗೆ ಅರವತ್ತೆಂಟು ವರ್ಷ, ಎರಡೂ ಮೊಣಕಾಲು ನೋವು. ಈ ಮಾತು ಬುಕಿಂಗ್ ಮಾಡುವಾಗಲೇ ಎರಡು ಸಲ ಹೇಳಿದ್ದೆ, ಅದನ್ನು ನೆನಪಿಡಿ. ಹೊರಟಿದ್ದು ನವೆಂಬರ್ ಕೊನೆಯ ವಾರ. ಎರ್ಟಿಗಾ ಗಾಡಿ, ಕಿಲೋಮೀಟರಿಗೆ 14 ರೂಪಾಯಿ, ದಿನಕ್ಕೆ ಕಡಿಮೆ ಅಂದರೂ 300 ಕಿಲೋಮೀಟರ್ ಲೆಕ್ಕ, ಡ್ರೈವರ್ ಬತ್ತೆ ದಿನಕ್ಕೆ 500. ಟೋಲು, ಪಾರ್ಕಿಂಗ್ ನಮ್ಮದೇ. ಇದರ ಮೇಲೆ ಪ್ಲ್ಯಾನ್ ಮಾಡಿ ರೂಮ್ ಬುಕ್ ಮಾಡಿಕೊಡುವುದಕ್ಕೆ ಬೇರೆ 2,000.

ಆ ಆಫೀಸಿನವರು ಮೊದಲಿಂದ ತಿರುಪತಿ, ಶಿರಡಿ, ಪಂಢರಪುರ, ಮಂತ್ರಾಲಯಕ್ಕೆ ಗಾಡಿ ಕಳಿಸುವವರು. ಆ ಕೆಲಸದಲ್ಲಿ ಪಳಗಿದವರು, ನಮ್ಮ ಮೈದುನ ಅವರ ಗಾಡಿಯಲ್ಲೇ ಎರಡು ಸಲ ತಿರುಪತಿಗೆ ಹೋಗಿ ಬಂದಿದ್ದಾನೆ. ಕರಾವಳಿ ಪ್ಯಾಕೇಜು ಅವರಿಗೆ ಹೊಸದು. ಹಾಗಾಗಿ ಏನಾಗಿದೆ ಅಂದರೆ, ಸಮುದ್ರವನ್ನೂ ದೇವಸ್ಥಾನದ ಲೆಕ್ಕದಲ್ಲೇ ಪ್ಲ್ಯಾನ್ ಮಾಡಿದ್ದಾರೆ. ದೇವಸ್ಥಾನವಾದರೆ ಸರದಿಯಲ್ಲಿ ನಿಂತು, ದರ್ಶನ ಮಾಡಿ, ಪ್ರಸಾದ ತಗೊಂಡು ಮುಂದಿನ ಊರಿಗೆ ಹೊರಡಬಹುದು. ಬೀಚಿಗೆ ಹೋದ ಮಕ್ಕಳನ್ನು ಅರ್ಧ ಗಂಟೆಯಲ್ಲಿ ನೀರಿಂದ ಎಬ್ಬಿಸಿ, ಮರಳು ತೊಳೆದು, ಬಟ್ಟೆ ಬದಲಿಸಿ ಗಾಡಿ ಹತ್ತಿಸಿ ನೋಡಿ, ಆಗ ಗೊತ್ತಾಗುತ್ತದೆ.

ಅವರು ಕೊಟ್ಟ ಹಾಳೆಯಲ್ಲಿ ಹತ್ತೊಂಬತ್ತು ಜಾಗಗಳಿದ್ದವು. ಮೊದಲ ದಿನ ಕಲಬುರಗಿಯಿಂದ ಗೋಕರ್ಣ, ದಾರಿಯಲ್ಲಿ ಸಾತೊಡ್ಡಿ ಜಲಪಾತ. ಎರಡನೇ ದಿನ ಗೋಕರ್ಣದ ದೇವಸ್ಥಾನ, ನಾಲ್ಕು ಬೀಚಿನ ಟ್ರೆಕ್ಕಿಂಗು, ಯಾಣ, ಮಿರ್ಜಾನ ಕೋಟೆ, ನಾಲ್ಕೂ ಒಂದೇ ದಿನ. ಮೂರನೇ ದಿನ ಕಾರವಾರಕ್ಕೆ ಹೋಗಿ ವಾಪಸ್ ಬಂದು ಮುರುಡೇಶ್ವರ. ಆಮೇಲೆ ಕೊಲ್ಲೂರು, ಮರವಂತೆ, ಉಡುಪಿ, ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ಕಾಪು, ಮಂಗಳೂರು. ಆರನೇ ದಿನ ಮಂಗಳೂರಿಂದ ಸೀದಾ ಕಲಬುರಗಿ. ಅದು ಆರುನೂರು ಕಿಲೋಮೀಟರಿಗಿಂತ ಜಾಸ್ತಿ ದಾರಿ. ಹಾಳೆ ಓದುವಾಗ ನಮಗೆ ಖುಷಿಯೇ ಆಗಿತ್ತು. ಇಷ್ಟು ದುಡ್ಡಿಗೆ ಇಷ್ಟೊಂದು ಜಾಗ ಅಂತ.

ಬೆಳಗಿನ ಜಾವ ನಾಲ್ಕೂವರೆಗೆ ಮನೆ ಬಿಟ್ಟೆವು. ಜೇವರ್ಗಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಚಾಚಾ ಆ ಹಾಳೆ ಕೇಳಿದರು. ಐವತ್ತೈದರ ಆಸುಪಾಸಿನವರು. ಕನ್ನಡಕ ಹಣೆಗೇರಿಸಿ, ಮೊಬೈಲಿನ ಲೈಟು ಹಿಡಿದು, ಬಾನೆಟ್ ಮೇಲೆ ಹಾಳೆ ಹಾಸಿಕೊಂಡು ಪೂರ್ತಿ ಓದಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದರು.

"ಅಕ್ಕೋರ, ಇದು ಬರದವರು ಆ ರಸ್ತಾಕ್ಕ ಗಾಡಿ ಓಡಸಿಲ್ರಿ. ಸಾತೊಡ್ಡಿಗಿ ಹೋಗಿ ಬರೋದ್ರಾಗ ಅರ್ಧಾ ದಿನಾ ಹೋಗ್ತದ. ಆಮ್ಯಾಲ ಅರಬೈಲ್ ಘಾಟ್ ಕತ್ತಲ್ದಾಗ ಇಳೀಬೇಕು, ಲಾರಿಗೋಳ ಹಿಂದ."

"ಹಂಗಾರ ಏನೇನು ಬಿಡಬೇಕು ಚಾಚಾ?" ಅಂತ ನಮ್ಮ ಮನೆಯವರು ಕೇಳಿದರು.

"ಸಾತೊಡ್ಡಿ ಬಿಡ್ರಿ. ಕಾರವಾರ ಬಿಡ್ರಿ. ಉಡುಪಿ, ಮಂಗಳೂರು ಇನ್ನೊಮ್ಮಿ ಬೇರೆ ಬರ್ರಿ. ಮರವಂತಿ ತನಕಾ ಹೋಗಿ ತಿರುಗೋಣು. ಬರೋವಾಗ ಯಲ್ಲಾಪುರದಾಗ ಒಂದು ರಾತ್ರಿ."

ಹತ್ತೊಂಬತ್ತರಲ್ಲಿ ಹನ್ನೊಂದಕ್ಕೆ ಗೀಟು ಬಿತ್ತು. ಮಗಳಿಗೆ ಸೇಂಟ್ ಮೇರೀಸ್ ದ್ವೀಪ ನೋಡುವ ಆಸೆ ಬಹಳ ಇತ್ತು. ಅಲ್ಲಿಯ ಕಂಬದಂಥ ಕಲ್ಲುಗಳು ಲಾವಾರಸ ಆರಿ ಆಗಿದ್ದು, 1979ರಲ್ಲಿ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದ್ದಾರೆ ಅಂತೆಲ್ಲಾ ಓದಿಕೊಂಡಿದ್ದಳು. ಹುಬ್ಬಳ್ಳಿ ಬರುವವರೆಗೂ ಮಾತಾಡಲಿಲ್ಲ. ಅದೊಂದು ತಪ್ಪಿದ್ದು ನನಗೂ ಬೇಜಾರೇ. ಮಲ್ಪೆಯಲ್ಲಿ ಒಂದು ರಾತ್ರಿ ಉಳಿದು ಬೆಳಿಗ್ಗೆ ದೋಣಿ ಹಿಡಿಯುವ ಹಾಗೆ ಹೊರಡುವ ಮೊದಲೇ ಯೋಚನೆ ಮಾಡಿದ್ದರೆ, ಬೇರೆ ಏನನ್ನಾದರೂ ಬಿಟ್ಟು ಅದನ್ನು ಉಳಿಸಿಕೊಳ್ಳಬಹುದಿತ್ತು. ಪ್ಲ್ಯಾನಿಗೆ ದುಡ್ಡು ಕೊಟ್ಟಿದ್ದು ಅಂಥ ಯೋಚನೆಗೇ ಅಲ್ವಾ.

ದಾರಿ ಬಗ್ಗೆ ಹೇಳುತ್ತೇನೆ. ಸಿಂದಗಿ ಮೇಲೆ ವಿಜಯಪುರ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 52 ಹಿಡಿದರೆ ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ. ಒಂದೇ ಹೆದ್ದಾರಿ, ದಾರಿ ತಪ್ಪುವ ಮಾತೇ ಇಲ್ಲ. ಬೆಳಗಿನ ಊಟಕ್ಕೆ ಕೊಲ್ಹಾರ ಒಳ್ಳೇ ಜಾಗ. ಕೃಷ್ಣೆಯ ಹಿನ್ನೀರಿನ ಮೇಲೆ ಉದ್ದ ಸೇತುವೆ ಇದೆ, ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರು ಸಿಗುತ್ತದೆ. ಮನೆಯಿಂದ ತಂದ ರೊಟ್ಟಿ, ಶೇಂಗಾ ಹಿಂಡಿ, ಈ ಮೊಸರು. ಹುಬ್ಬಳ್ಳಿವರೆಗೆ ಬೇರೆ ಏನೂ ಬೇಕಾಗಲಿಲ್ಲ. ನವಲಗುಂದದ ಕರಿ ಭೂಮಿ ಮುಗಿದು ಕಲಘಟಗಿ ದಾಟುವ ಹೊತ್ತಿಗೆ ಮಣ್ಣು ಕೆಂಪಾಗುತ್ತದೆ, ಯಲ್ಲಾಪುರದಿಂದ ಮುಂದೆ ರಸ್ತೆ ಪೂರ್ತಿ ಮರಗಳ ಕೆಳಗೆ. ಮಗ ಕಿಟಕಿ ಇಳಿಸಿ ಕೈ ಹೊರಗೆ ಹಾಕಿದ್ದಕ್ಕೆ ಚಾಚಾ ಗಾಡಿ ನಿಲ್ಲಿಸಿಯೇ ಬೈದರು.

ಅಂಕೋಲಾ ದಾಟಿ ಗೋಕರ್ಣದ ಕಡೆ ಹೋಗುವಾಗ ಶಿರೂರು ಬರುತ್ತದೆ. 2024ರ ಜುಲೈ 16ರಂದು ಗುಡ್ಡ ಕುಸಿದ ಜಾಗ. ಮಣ್ಣು ಗಂಗಾವಳಿ ನದಿಯೊಳಗೇ ಹೋಗಿ, ಕೇರಳದ ಒಬ್ಬ ಲಾರಿ ಡ್ರೈವರನ್ನು ಹುಡುಕುವುದಕ್ಕೆ ಎರಡು ತಿಂಗಳಿಗಿಂತ ಜಾಸ್ತಿ ಹಿಡಿಯಿತು. ಚಾಚಾ ಅಲ್ಲಿ ಹಾಡು ಬಂದ್ ಮಾಡಿ, ಏನೂ ಮಾತಾಡದೆ ಗಾಡಿ ಓಡಿಸಿದರು. ನಮ್ಮ ಆಫೀಸಿನವರು ಇದೇ ಪ್ಯಾಕೇಜನ್ನು ಜುಲೈ, ಆಗಸ್ಟಿನಲ್ಲೂ ಮಾರುತ್ತಾರೆ ಅಂತ ಆಮೇಲೆ ಗೊತ್ತಾಯಿತು. ದಯವಿಟ್ಟು ಆ ತಿಂಗಳುಗಳಲ್ಲಿ ಮಕ್ಕಳನ್ನು, ವಯಸ್ಸಾದವರನ್ನು ಕರಕೊಂಡು ಘಾಟ್ ಇಳಿಯಬೇಡಿ. ಬೀಚಿಗೂ ಇಳಿಯೋದಕ್ಕೆ ಬಿಡುವುದಿಲ್ಲ, ದೋಣಿಗಳೂ ಇರುವುದಿಲ್ಲ. ನವೆಂಬರಿಂದ ಫೆಬ್ರವರಿ ಸರಿಯಾದ ಸಮಯ.

ಗೋಕರ್ಣ ಮುಟ್ಟಿದ್ದು ಸಂಜೆ ಐದಕ್ಕೆ. ಇಲ್ಲಿಯೇ ನನಗೆ ಸಿಟ್ಟು ಬಂದಿದ್ದು. ಆಫೀಸಿನವರು ರೂಮ್ ಬುಕ್ ಮಾಡಿದ್ದು ಕುಡ್ಲೆ ಬೀಚಿನ ಮೇಲೆಯೇ. ಕೇಳುವುದಕ್ಕೆ ಚೆಂದ. ಆದರೆ ಗಾಡಿ ಮೇಲೆಯೇ ನಿಲ್ಲುತ್ತದೆ, ಅಲ್ಲಿಂದ ಮೆಟ್ಟಿಲು ಇಳಿದು, ಮರಳಿನಲ್ಲಿ ನಡೆದು ಹೋಗಬೇಕು. ಅತ್ತೆ ಒಂದು ಕೈ ಮೊಮ್ಮಗನ ಹೆಗಲ ಮೇಲೆ, ಇನ್ನೊಂದು ಕೈ ಗೋಡೆಗೆ ಊರಿ, ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಕೂಡಿಸಿ ನಿಂತು ಇಳಿದರು. ಚಾಚಾ ಎರಡು ಬ್ಯಾಗು ಹೊತ್ತುಕೊಂಡು ಹಿಂದೆಯೇ ಬಂದರು. ಅದು ಅವರ ಕೆಲಸ ಅಲ್ಲ. ನಾನು ಆಫೀಸಿಗೆ ಫೋನ್ ಮಾಡಿದರೆ "ರೇಟಿಂಗ್ ಚಲೋ ಇತ್ತು ಮೇಡಮ್" ಅಂದರು. ರೇಟಿಂಗ್ ಕೊಟ್ಟವರಿಗೆ ಮೊಣಕಾಲು ನೋವು ಇರಲಿಲ್ಲವೇನೋ, ನಮಗಿದೆ ಅಂತ ಎರಡು ಸಲ ಹೇಳಿದ್ದೆನಲ್ಲ. ಮರುದಿನ ಬೆಳಿಗ್ಗೆಯೇ ಊರೊಳಗೆ ದೇವಸ್ಥಾನದ ಹತ್ತಿರ, ಕೆಳಗಿನ ಅಂತಸ್ತಿನಲ್ಲಿ ರೂಮ್ ಹಿಡಿದೆವು. ಕುಡ್ಲೆಯ ಮುಂದಿನ ದಿನಗಳ ಅಡ್ವಾನ್ಸ್ ವಾಪಸ್ ಬರಲಿಲ್ಲ.

ಆ ಎರಡನೇ ದಿನ ನಮಗೆ ಅತ್ಯಂತ ಒಳ್ಳೆಯ ದಿನ. ಬೆಳಿಗ್ಗೆ ಮಹಾಬಲೇಶ್ವರನ ದರ್ಶನ, ಗಂಡಸರು ಅಂಗಿ ಬಿಚ್ಚಿ ಪಂಚೆ ಉಟ್ಟುಕೊಂಡೇ ಒಳಗೆ ಹೋಗಬೇಕು, ಒಂದು ಪಂಚೆ ಮನೆಯಿಂದಲೇ ಇಟ್ಟುಕೊಳ್ಳಿ. ಮಧ್ಯಾಹ್ನ ಅತ್ತೆ ಮಲಗಿದರು. ನಾವು ನಾಲ್ವರು ಕುಡ್ಲೆಯಿಂದ ಗುಡ್ಡ ಹತ್ತಿ ಓಂ ಬೀಚಿಗೆ ನಡೆದೆವು. ಆರಾಮಾಗಿ ಅರ್ಧ ಗಂಟೆಯ ದಾರಿ. ಮೇಲಿಂದ ನೋಡಿದರೆ ದಡ ನಿಜಕ್ಕೂ ಓಂ ಅಕ್ಷರದ ಹಾಗೆ ಎರಡು ಕಡೆ ಒಳಗೆ ಬಾಗಿದೆ. ಅಲ್ಲಿಂದ ಹಾಫ್ ಮೂನ್ ಬೀಚಿಗೆ ಇನ್ನೊಂದು ಗುಡ್ಡದ ಅಂಚು. ಜಂಬಿಟ್ಟಿಗೆ ಕಲ್ಲಿನ ಕಾಲುದಾರಿ, ಪುಡಿ ಜಲ್ಲಿ, ಚಪ್ಪಲಿ ಜಾರುತ್ತದೆ, ಕೆಳಗೇ ಬಂಡೆಗೆ ಅಲೆ ಹೊಡೆಯುವ ಸದ್ದು. ಶೂ ಹಾಕಿಕೊಂಡೇ ಹೋಗಿ, ಒಬ್ಬೊಬ್ಬರಿಗೆ ಒಂದು ಲೀಟರ್ ನೀರು ಬೇಕೇ ಬೇಕು. ಅದರ ಮುಂದೆ ಪ್ಯಾರಡೈಸ್ ಬೀಚಿಗೆ ಬಂಡೆಗಳ ಮೇಲೆ ಹೋಗಬೇಕು, ನೀರು ಏರುವ ಹೊತ್ತಾಗಿತ್ತು, ನಾವು ಹೋಗಲಿಲ್ಲ. ಓಂ ಬೀಚಿಗೆ ವಾಪಸ್ ಬಂದು ಕತ್ತಲಾಗುವವರೆಗೂ ಕೂತೆವು. ಹಾಳೆಯ ಪ್ರಕಾರ ಆ ಹೊತ್ತಿಗೆ ನಾವು ಯಾಣ ಮುಗಿಸಿ ಮಿರ್ಜಾನದಲ್ಲಿ ಇರಬೇಕಿತ್ತು.

ರಾತ್ರಿ ರೊಟ್ಟಿ ಗಂಟು ಬಿಚ್ಚಿದೆವು. ನಲವತ್ತು ಖಡಕ್ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ನಮ್ಮಲ್ಲಿ ತಿಂಗಳಿಟ್ಟರೂ ಮುರಿದರೆ ಟಪ್ ಅನ್ನುತ್ತದೆ. ಅಲ್ಲಿ ಎರಡೇ ದಿನಕ್ಕೆ ಮೆತ್ತಗಾಗಿ, ಅತ್ತೆ ಒಂದನ್ನು ಎತ್ತಿ ಹಿಡಿದರೆ ಕರವಸ್ತ್ರದ ಹಾಗೆ ಜೋತುಬಿತ್ತು. "ನೋಡಬೇ, ಇಲ್ಲಿ ಗಾಳ್ಯಾಗೇ ನೀರದ" ಅಂದರು. ರೂಮಿನವರ ಮನೆಯ ಹೆಂಗಸು ಇದು ಹಪ್ಪಳವಾ ಅಂತ ಕೇಳಿ, ತವದ ಮೇಲೆ ಒಂದೊಂದಾಗಿ ಬಿಸಿ ಮಾಡಿ ಕೊಟ್ಟರು, ಮತ್ತೆ ಗರಿಗರಿ ಆದವು. ಅವರಿಗೂ ನಾಲ್ಕು ಕೊಟ್ಟೆವು, ಅವರು ನಮಗೆ ಮುರುಗಲು ಶರಬತ್ತು ಕೊಟ್ಟರು. ಹೋಗುವವರು ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಬೇಡಿ, ಮುಚ್ಚಳ ಗಟ್ಟಿ ಇರುವ ಸ್ಟೀಲ್ ಡಬ್ಬಿಯಲ್ಲಿ ಹಾಕಿ. ಬಟ್ಟೆಯೂ ಹಾಗೇ, ನಮ್ಮೂರಲ್ಲಿ ಅರ್ಧ ಗಂಟೆಗೆ ಒಣಗುವುದು ಅಲ್ಲಿ ಒಂದು ದಿನಕ್ಕೂ ಒಣಗುವುದಿಲ್ಲ. ಎರಡು ಜೊತೆ ಜಾಸ್ತಿ ಇಟ್ಟುಕೊಳ್ಳಿ.

ಮೂರನೇ ದಿನ ಪೂರ್ತಿ ಯಾಣಕ್ಕೆ. ಗಾಡಿ ನಿಲ್ಲಿಸಿ ಕಾಡಿನೊಳಗೆ ನಡೆಯಬೇಕು, ಕೊನೆಗೆ ಮೆಟ್ಟಿಲು. ಅವಸರ ಇರಲಿಲ್ಲವಾದ್ದರಿಂದ ಅತ್ತೆಯೂ ನಿಧಾನಕ್ಕೆ ಮೆಟ್ಟಿಲು ಶುರುವಾಗುವವರೆಗೆ ನಡೆದು ಬಂದು ಅಲ್ಲಿ ಕೂತರು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್ ಅಂತ ಓದಿರುತ್ತೀರಿ. ಆದರೆ ಆ ಕಲ್ಲಿನ ಬುಡಕ್ಕೆ ನಿಂತು ಕತ್ತೆತ್ತಿದಾಗ ಆಗುವುದೇ ಬೇರೆ. ಕರ್ರಗೆ, ಚೂಪಾಗಿ, ಕಾಡಿನ ಮಧ್ಯೆ ಸುಮ್ನೆ ಎದ್ದು ನಿಂತಿದೆ, ಮೇಲೆ ಜೇನುಗೂಡುಗಳು ಜೋತಾಡುತ್ತಿವೆ. ನಮ್ಮ ಮನೆಯವರು ಕಟ್ಟಡದ ಕೆಲಸದವರು. ಕಲ್ಲಿಗೆ ಕೈಯಿಟ್ಟು ನೋಡಿ "ಇದು ನಮ್ಮ ಫರ್ಸಿ ಕಲ್ಲಿನ ಜಾತೀನೇ" ಅಂದರು. ಮಗಳು ನಂಬಲಿಲ್ಲ. ಆದರೆ ಅದು ನಿಜ, ಯಾಣದ್ದೂ ಸುಣ್ಣದ ಕಲ್ಲು, ನಮ್ಮ ಶಹಾಬಾದ್ ಫರ್ಸಿಯೂ ಸುಣ್ಣದ ಕಲ್ಲು, ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗಳು ಇರುವುದೂ ಇದೇ ಕಲ್ಲಿಗಾಗಿ. ನಮ್ಮ ಕಡೆ ಅದು ಪದರ ಪದರವಾಗಿ ಮಲಗಿದೆ, ಹಾಗಾಗಿ ಹಲಗೆಯ ಹಾಗೆ ಎದ್ದು ಬರುತ್ತದೆ. ಅಲ್ಲಿ ಮಳೆ ನೀರು ಸುಣ್ಣವನ್ನು ಕರಗಿಸಿ ಕರಗಿಸಿ ಗರಗಸದ ಹಲ್ಲಿನ ಹಾಗೆ ಚೂಪು ಮಾಡಿದೆ. ದಿನಾ ನಾವು ಪಡಸಾಲೆಯಲ್ಲಿ ತುಳಿಯುವ ಕಲ್ಲು ಇಲ್ಲಿ ಹೀಗೆ ನಿಂತಿದೆಯಲ್ಲ ಅಂತ ನಾನು ಬಹಳ ಹೊತ್ತು ನೋಡಿದೆ. ಮಗಳ ಮುನಿಸು ಹೋಗಿದ್ದೂ ಅಲ್ಲೇ, ಒಂದು ಸಣ್ಣ ವಹಿಯಲ್ಲಿ ಚಿತ್ರ ಬರೆದುಕೊಂಡಳು. ಮಿರ್ಜಾನ ಕೋಟೆಯನ್ನು ವಾಪಸ್ ಬರುವಾಗ ಸಂಜೆ ಬಿಸಿಲಲ್ಲಿ ನೋಡಿದೆವು. ಮೆಣಸಿನ ರಾಣಿ ಅಂತ ಹೆಸರಾದ ಚೆನ್ನಭೈರಾದೇವಿಯ ಕೋಟೆ, ಕೆಂಪು ಜಂಬಿಟ್ಟಿಗೆ ಗೋಡೆ, ಮೇಲೆ ಹಸಿರು ಹುಲ್ಲು. ನಮ್ಮ ಕಲಬುರಗಿ ಕೋಟೆಯೂ ಹೀಗೆ ಚೊಕ್ಕಟ ಇರಬೇಕಿತ್ತು ಅಂತ ಅನ್ನಿಸಿತು.

ನಾಲ್ಕನೇ ದಿನ ಮುರುಡೇಶ್ವರಕ್ಕೆ ಹೊರಟಾಗ ಚಾಚಾ ಅತ್ತೆಗೆ ಹೇಳಿದರು, "ಅವ್ವಾರ, ದಾರ್ಯಾಗ ಧಾರೇಶ್ವರ ಬರ್ತದ, ಗುಣವಂತೇಶ್ವರ ಬರ್ತದ. ನಿಲ್ಲಸ್ತೀನಿ." ರಾವಣನ ಆತ್ಮಲಿಂಗದ ಕಥೆ ಗೊತ್ತಲ್ಲ. ಲಿಂಗ ಗೋಕರ್ಣದಲ್ಲಿ ನಿಂತಿತು, ಅದರ ಪೆಟ್ಟಿಗೆ ಸಜ್ಜೇಶ್ವರದಲ್ಲಿ, ಮುಚ್ಚಳ ಗುಣವಂತೆಯಲ್ಲಿ, ದಾರ ಧಾರೇಶ್ವರದಲ್ಲಿ, ಮುಚ್ಚಿದ ಬಟ್ಟೆ ಮುರುಡೇಶ್ವರದಲ್ಲಿ ಬಿತ್ತು ಅಂತ ಹೇಳುತ್ತಾರೆ. ಐದರಲ್ಲಿ ನಾಲ್ಕು ನಮ್ಮ ದಾರಿಯಲ್ಲೇ ಇದ್ದವು. ದೇವಸ್ಥಾನದ ಪ್ಯಾಕೇಜು ಮಾಡುವ ಆಫೀಸಿನ ಹಾಳೆಯಲ್ಲಿ ಧಾರೇಶ್ವರವೂ ಇರಲಿಲ್ಲ, ಗುಣವಂತೆಯೂ ಇರಲಿಲ್ಲ. ಅತ್ತೆ ಆ ದಿನದಿಂದ ಚಾಚಾನನ್ನು ತಮ್ಮಾ ಅಂತಲೇ ಕರೆದರು, ಅವರು ಉಂಡ ಮೇಲೆಯೇ ತಾವು ಉಂಡರು.

ಹೊನ್ನಾವರದಲ್ಲಿ ಶರಾವತಿ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮರದ ಹಲಗೆಯ ದಾರಿ ಮಾಡಿದ್ದಾರೆ, ಮೆಟ್ಟಿಲ ಕಾಟ ಕಡಿಮೆ, ವಯಸ್ಸಾದವರಿಗೆ ಒಳ್ಳೇದು. ಪಕ್ಕದ ಕಾಸರಕೋಡು ಬೀಚ್ ಚೊಕ್ಕಟ, ಸುರಕ್ಷಿತ ಬೀಚುಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆಯನ್ನು 2020ರಲ್ಲಿ ಪಡೆದದ್ದು, ಸ್ನಾನಕ್ಕೆ, ಬಟ್ಟೆ ಬದಲಿಸುವುದಕ್ಕೆ ಜಾಗ ಇದೆ. ಹೆಣ್ಣುಮಕ್ಕಳಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ನಾವೇ ಹೇಳಬೇಕು.

ಮುರುಡೇಶ್ವರದಲ್ಲಿ 123 ಅಡಿಯ ಶಿವನ ಮೂರ್ತಿ, ಇಪ್ಪತ್ತು ಅಂತಸ್ತಿನ ರಾಜಗೋಪುರ. ಗೋಪುರಕ್ಕೆ ಲಿಫ್ಟ್ ಇದೆ, ಅತ್ತೆ ಮೇಲೆ ಹೋಗಿ ಮೂರೂ ಕಡೆ ಸಮುದ್ರ ನೋಡಿ ಬಂದರು. ಆದರೆ ಅಲ್ಲಿಯ ನೀರಿನ ಬಗ್ಗೆ ಒಂದು ಮಾತು. 2024ರ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸಕ್ಕೆ ಬಂದ ನಾಲ್ಕು ಹುಡುಗಿಯರು ಇಲ್ಲೇ ಮುಳುಗಿ ಹೋದರು. ಅವರು ಕೋಲಾರದ ಕಡೆಯವರು, ನಮ್ಮ ಹಾಗೆ ಬಯಲುಸೀಮೆಯ ಮಕ್ಕಳು. ನಾವು ಭೀಮಾ ನದಿ, ಕೆರೆ, ಬಾವಿ ನೋಡಿ ಬೆಳೆದವರು, ಹಿಂದಕ್ಕೆ ಎಳೆಯುವ ನೀರು ನಮಗೆ ಗೊತ್ತಿಲ್ಲ. ನಾನು ಮೊದಲ ದಿನ ಪಾದ ಮುಳುಗುವಷ್ಟು ನೀರಲ್ಲಿ ನಿಂತಾಗಲೇ ಅಲೆ ವಾಪಸ್ ಹೋಗುವಾಗ ಹಿಮ್ಮಡಿಯ ಕೆಳಗಿನ ಮರಳು ಜಾರಿ ಹೋಗಿ ಮುಗ್ಗರಿಸಿದ್ದೆ. ಚಾಚಾ ಮಕ್ಕಳಿಗೆ ಒಂದೇ ಕಾಯಿದೆ ಮಾಡಿದ್ದರು, ಮೊಣಕಾಲಿನ ಮೇಲೆ ನೀರು ಬರಬಾರದು, ಸೀಟಿ ಊದಿದರೆ ತಿರುಗಿ ನೋಡದೆ ದಡಕ್ಕೆ ಬರಬೇಕು. ತಾವೂ ಪ್ಯಾಂಟು ಮಡಚಿ ಅವರ ಮುಂದೆ ಸಮುದ್ರದ ಕಡೆಗೆ ನಿಲ್ಲುತ್ತಿದ್ದರು.

ಹಾಳೆಯಲ್ಲಿ ಮರವಂತೆಗೆ ಹತ್ತು ನಿಮಿಷ, ಫೋಟೋಕ್ಕೆ ಅಂತ ಬರೆದಿತ್ತು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ಮಧ್ಯೆ ಹೆದ್ದಾರಿ 66. ಐದನೇ ದಿನ ನಾವು ಅಲ್ಲಿ ಎರಡು ಗಂಟೆ ಇದ್ದೆವು. ಗೋಳಿಬಜೆ ತಿಂದೆವು. ಅಲ್ಲಿ ಗಾಡಿಗಳು ಜೋರಾಗಿ ಬರುತ್ತವೆ, ರಸ್ತೆ ಅಂಚಿಗೆ ನಿಂತು ಫೋಟೋ ತೆಗೆಯಬೇಡಿ. ಅಲ್ಲಿಂದ ತಿರುಗಿ ರಾತ್ರಿ ಯಲ್ಲಾಪುರ, ಮರುದಿನ ಕತ್ತಲಾಗುವ ಮೊದಲು ಕಲಬುರಗಿ.

ಇನ್ನು ಬಿಲ್ಲು. ಗಾಡಿ ಓಡಿದ್ದು ಸುಮಾರು 1,430 ಕಿಲೋಮೀಟರ್. ದಿನಕ್ಕೆ 300ರ ಲೆಕ್ಕದಲ್ಲಿ ಕೊಟ್ಟಿದ್ದು 1,800ಕ್ಕೆ, ಅಂದರೆ 25,200, ಬತ್ತೆ 3,000. ಇದರಲ್ಲಿ ಮೋಸ ಇಲ್ಲ, ಮೊದಲೇ ಹೇಳಿದ್ದರು. ಓಡದ ಕಿಲೋಮೀಟರಿಗೆ ದುಡ್ಡು ಯಾಕೆ ಅಂತ ಕೆಲವರು ಕೇಳಿದರು. ನಿಂತ ಗಾಡಿಗೂ ಸಾಲದ ಕಂತು ಇರುತ್ತದೆ, ಆ ದಿನ ಬೇರೆ ಬಾಡಿಗೆಯೂ ಬರುವುದಿಲ್ಲ. ನನಗೆ ಆ ದುಡ್ಡು ಭಾರ ಅನ್ನಿಸಲಿಲ್ಲ. ಓಂ ಬೀಚಿನ ಸಂಜೆಗೆ, ಯಾಣದ ಪೂರ್ತಿ ದಿನಕ್ಕೆ ಕೊಟ್ಟಿದ್ದು ಅದು. ಭಾರ ಅನ್ನಿಸಿದ್ದು ಪ್ಲ್ಯಾನಿನ 2,000 ಮತ್ತೆ ಕುಡ್ಲೆಯ ಅಡ್ವಾನ್ಸು.

ನನ್ನ ಲೆಕ್ಕದಲ್ಲಿ ಗಾಡಿಗೆ ಐದಕ್ಕೆ ಐದು, ಚೊಕ್ಕಟ ಇತ್ತು, ಏಸಿ, ಟಯರು ಎಲ್ಲಾ ಸರಿ. ಚಾಚಾಗೆ ಐದು. ಪ್ಲ್ಯಾನಿಗೆ ಎರಡು, ರೂಮಿಗೆ ಒಂದು. ನೀವು ಯಾವ ಆಫೀಸಿಗೆ ಹೋದರೂ, ಪ್ಲ್ಯಾನ್ ಬರೆದವರು ಆ ದಾರಿಯಲ್ಲಿ ಹೋಗಿದ್ದಾರಾ ಅಂತ ಕೇಳಿ. ಗಾಡಿ ರೂಮಿನ ಬಾಗಿಲವರೆಗೆ ಹೋಗುತ್ತದಾ ಅಂತ ಕೇಳಿ. ಅಡ್ವಾನ್ಸ್ ಕೊಡುವ ಮೊದಲೇ, ನಿಮ್ಮ ಜೊತೆ ಬರುವ ಡ್ರೈವರ್ ಮುಂದೆ ಆ ಹಾಳೆ ಇಟ್ಟು ಓದಿಸಿ. ನಾವು ಇದನ್ನು ಜೇವರ್ಗಿಯಲ್ಲಿ ಮಾಡಿದೆವು, ಸೂಪರ್ ಮಾರ್ಕೆಟಿನ ಆಫೀಸಿನಲ್ಲೇ ಮಾಡಬೇಕಿತ್ತು.

ಬಂದ ಮೇಲೆ ಆಫೀಸಿಗೆ ಹೋಗಿ ಎಲ್ಲಾ ಹೇಳಿದೆ. ಮಾಲೀಕರು ಕೂಡಿಸಿ ಕೇಳಿದರು, ವಾದ ಮಾಡಲಿಲ್ಲ, ಪ್ಲ್ಯಾನಿನ ದುಡ್ಡಿನಲ್ಲಿ 1,000 ವಾಪಸ್ ಕೊಟ್ಟರು. ಚಾಚಾ ಗೀಟು ಹೊಡೆದ ಹಾಳೆಯ ಫೋಟೋ ಕಳಿಸಿ ಅಂದರು, ಕಳಿಸಿದೆ. ಅದನ್ನು ನೋಡಿ ಕರಾವಳಿಯ ಪ್ಯಾಕೇಜು ಹೊಸದಾಗಿ ಬರೆಯುತ್ತೇವೆ ಅಂತ ಹೇಳಿದ್ದಾರೆ. ಅತ್ತೆಗೆ ಸಜ್ಜೇಶ್ವರ ಬಾಕಿ ಇದೆ, ಮಗಳಿಗೆ ದ್ವೀಪ. ಫೆಬ್ರವರಿಯಲ್ಲಿ ಚಾಚಾ ಬಿಡುವಿದ್ದಾರಾ ಅಂತ ಕೇಳಿಟ್ಟು ಬಂದಿದ್ದೇನೆ.